ಫಿಲ್ಮಲ್ಲಿ ಕಾಣೋ ಗೆರೆ ವೆಲ್ಡ್‌ದೋ, ಡಾರ್ಕ್‌ರೂಮ್‌ದೋ?

ಓದುಗರೊಬ್ಬರ ಪ್ರಶ್ನೆ:

"ಸರ್ ನಮಸ್ಕಾರ. ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಒಂದು ಚಿಕ್ಕ ಎನ್‌ಡಿಟಿ (ವಸ್ತುವನ್ನ ಹಾಳು ಮಾಡದೆ ಪರೀಕ್ಷೆ ಮಾಡೋದು) ಕಂಪನಿಲಿ ಕೆಲಸ ಮಾಡ್ತೀನಿ, ರೇಡಿಯೋಗ್ರಫಿ (ವೆಲ್ಡನ್ನ ಎಕ್ಸ್‌ರೇ ತರ ಫಿಲ್ಮಲ್ಲಿ ತೆಗೆಯೋದು) ಲೆವೆಲ್ ಟು ಆಗಿ ಎರಡು ವರ್ಷ ಆಯ್ತು. ವಿಕಿರಣ ಬಿಡೋ ಇರಿಡಿಯಂ ಸೋರ್ಸಲ್ಲಿ ಆರಿಂಚಿನ ಕಾರ್ಬನ್ ಸ್ಟೀಲ್ ಪೈಪ್ ಜಾಯಿಂಟ್‌ಗಳೇ ಜಾಸ್ತಿ, ಆಗಾಗ ಸ್ಟೇನ್‌ಲೆಸ್ ಪೈಪು ಬಂದ್ರೆ ಎಕ್ಸ್‌ರೇ ಟ್ಯೂಬಲ್ಲಿ ಮಾಡ್ತೀವಿ. ಕ್ಯಾಸೆಟ್ (ಫಿಲ್ಮ್ ಇಡೋ, ಬೆಳಕು ನುಗ್ಗದ ಕವರ್) ಲೋಡ್ ಮಾಡೋಕೆ ಒಬ್ಬ ಹುಡುಗ ಇದಾನೆ, ಶಾಟ್ ಆದ್ಮೇಲೆ ಫಿಲ್ಮ್ ತೆಗೆದು ತೊಳೆಯೋದು ನಾನೇ, ಕೈಯಲ್ಲೇ, ಬೋರ್‌ವೆಲ್ ನೀರಲ್ಲಿ. ಜನವರಿಯಿಂದ ಫಿಲ್ಮಲ್ಲಿ ಏನೇನೋ ಬರ್ತಿದೆ. ಉಗುರು ಒತ್ತಿದ ಹಾಗೆ ಅರ್ಧ ಚಂದ್ರದ ಕಪ್ಪು ಗುರುತು, ಒಣಗಿದ ಮರದ ಕೊಂಬೆ ತರ ಕಪ್ಪು ಗೆರೆಗಳು, ಅಲ್ಲಲ್ಲಿ ಬಿಳಿ ಚುಕ್ಕೆ. ಹೋದ ವಾರ ಮೂರು ಜಾಯಿಂಟಲ್ಲಿ ಕೂದಲೆಳೆ ತರ ನೇರ ಕಪ್ಪು ಗೆರೆ ಬಂತು, ಥರ್ಡ್ ಪಾರ್ಟಿ ಇನ್‌ಸ್ಪೆಕ್ಟರ್ ಎಲ್‌ಪಿ (ಲ್ಯಾಕ್ ಆಫ್ ಪೆನಿಟ್ರೇಷನ್, ವೆಲ್ಡ್ ಬುಡದ ತನಕ ಇಳಿದಿಲ್ಲ) ಅಂತ ರಿಪೇರಿ ಬರೆದ್ರು, ವೆಲ್ಡರ್ ನಂದಲ್ಲ ಅಂತ ಜಗಳಕ್ಕೇ ಬಂದ. ನಮ್ಮ ಓನರ್ ಫಿಲ್ಮ್ ಲಾಟೇ ಸರಿಯಿಲ್ಲ ಅಂದು ಬೇರೆ ಬಾಕ್ಸ್ ತರಿಸಿದ್ರು, ಅದ್ರಲ್ಲೂ ಅದೇ ಕಥೆ. ಈಗ ಲೋಡಿಂಗ್ ಹುಡುಗನ ಸಂಬಳದಲ್ಲಿ ಎರಡು ಸಾವಿರ ಹಿಡ್ಕೊಂಡಿದಾರೆ. ಸೀನಿಯರ್ ಒಬ್ರು 'ಫಿಲ್ಮ್ ಮಾರ್ಕ್ ಅಂತ ಬರೆದು ಕಳ್ಸು, ಎಲ್ಲರೂ ಮಾಡೋದೇ' ಅಂತಾರೆ. ಹಾಗೆ ಬರೀಬಹುದಾ? ಇದನ್ನ ನಿಲ್ಸೋದು ಹೇಗೆ?"

ಉತ್ತರ:

ನಿಮ್ಮ ಪತ್ರ ಎರಡು ಸಲ ಓದ್ದೆ. ನೀವು ಒಂದೇ ರೋಗ ಅಂದ್ಕೊಂಡಿರೋದು ನಾಲ್ಕು ಬೇರೆ ಬೇರೆ ರೋಗ, ನಾಲ್ಕಕ್ಕೂ ಒಂದೇ ಔಷಧಿ ಹುಡುಕ್ತಿದೀರ, ಅದಕ್ಕೇ ಬಾಕ್ಸ್ ಬದಲಾಯಿಸಿದ್ರೂ ಹೋಗಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಈ ಕತ್ತಲೆ ಕೋಣೆಗಳಲ್ಲೇ ಕಳೆದವನು ನಾನು, ಕಲಿತಿದ್ದು ಒಂದೇ: ಗುರುತಿಗೆ ಹೆಸರಿಡೋಕೆ ಮುಂಚೆ ಅದು ಯಾವ ಹೊತ್ತಲ್ಲಿ ಫಿಲ್ಮ್ ಮೇಲೆ ಬಂತು ಅಂತ ಕೇಳ್ಬೇಕು. ಶಾಟ್‌ಗೆ ಮುಂಚೆನಾ, ಶಾಟ್ ಹೊತ್ತಲ್ಲಾ, ಆಮೇಲಾ. ಅದು ಗೊತ್ತಾದ್ರೆ ಕಾರಣ ತಾನಾಗೇ ಸಿಗತ್ತೆ, ಯಾರ ಕೈಯಿಂದ ಅನ್ನೋದೂ ಸಿಗತ್ತೆ (ಇದು ಎಲ್ಲರಿಗೂ ಇಷ್ಟ ಆಗಲ್ಲ).

ಮೊದಲು ಈ "ಲಾಟ್ ಸರಿಯಿಲ್ಲ" ಅನ್ನೋದು. ಫ್ಯಾಕ್ಟರಿ ದೋಷ ಇರೋದೇ ಇಲ್ಲ ಅಂತ ಹೇಳಲ್ಲ, ಆದ್ರೆ ನಾನು ನೋಡಿದ್ರಲ್ಲಿ ಅದು ತೀರಾ ಅಪರೂಪ, ಇದ್ರೂ ಒಂದು ಕ್ರಮದಲ್ಲಿ ಇರತ್ತೆ, ಒಂದೇ ಬಾಕ್ಸಿನ ಫಿಲ್ಮ್ ಮೇಲೆ ಫಿಲ್ಮಲ್ಲಿ ಒಂದೇ ತರ ಕಾಣತ್ತೆ, ಯಾವ ಕ್ಯಾಸೆಟ್ ಯಾವ ಕೈ ಅಂತ ನೋಡಲ್ಲ. ಪರೀಕ್ಷೆ ಸುಲಭ. ಬಾಕ್ಸಿನ ಮಧ್ಯದಿಂದ ಒಂದು ಫಿಲ್ಮ್ ತೆಗೀರಿ, ಎಕ್ಸ್‌ಪೋಸ್ ಮಾಡ್ಬೇಡಿ, ನೇರ ಡೆವಲಪ್ ಮಾಡಿ. ಬರೀ ತಿಳಿ ನೀಲಿ ಹಾಳೆ ತರ ಬಂದು, ಡೆನ್ಸಿಟೋಮೀಟರಲ್ಲಿ (ಫಿಲ್ಮ್ ಎಷ್ಟು ಕಪ್ಪು ಅಂತ ಅಳೆಯೋ ಮೀಟರ್) 0.3 ಒಳಗೆ ತೋರ್ಸಿದ್ರೆ ಫಿಲ್ಮ್‌ದು ತಪ್ಪಿಲ್ಲ. ಅದಕ್ಕಿಂತ ಜಾಸ್ತಿ ತೋರ್ಸಿದ್ರೂ ಕಂಪನಿನ ಬೈಯೋಕೆ ಮುಂಚೆ ನಿಮ್ಮ ಸ್ಟೋರ್ ನೋಡಿ, ಫಿಲ್ಮ್ ಬಾಕ್ಸನ್ನ ಸೋರ್ಸ್ ಇಡೋ ಜಾಗದ ಪಕ್ಕದ ಗೋಡೆಗೆ ಒರಗಿಸಿಟ್ಟು ಆಮೇಲೆ ಫಾಗ್ ಫಾಗ್ (ಫಿಲ್ಮ್ ಪೂರ್ತಿ ಮಬ್ಬಾಗಿ ಕಪ್ಪಾಗೋದು) ಅಂತ ಒದ್ದಾಡಿದವರನ್ನ ನಾನೇ ನೋಡಿದೀನಿ.

ಇನ್ನೊಂದು ಹತ್ತು ಸೆಕೆಂಡಿನ ಅಭ್ಯಾಸ ಹೇಳ್ತೀನಿ, ಎಷ್ಟು ವರ್ಷ ಆದ್ರೂ ಬಿಡ್ಬೇಡಿ. ಅನುಮಾನದ ಗುರುತು ಕಂಡ ತಕ್ಷಣ ಫಿಲ್ಮನ್ನ ವ್ಯೂವರ್ ಮೇಲೆ ಒಂದಿಂಚು ಸರಿಸಿ. ಗುರುತು ಅಲ್ಲೇ ನಿಂತ್ರೆ ಅದು ವ್ಯೂವರ್ ಗಾಜಿನ ಗೀರು, ನಗ್ಬೇಡಿ, ಆಗತ್ತೆ. ಜೊತೆಗೇ ಸರಿದ್ರೆ ಫಿಲ್ಮನ್ನ ಕೈಲಿ ತಗೊಂಡು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡೀರಿ, ಬೆಳಕು ಮೇಲಿಂದ ಜಾರೋ ಹಾಗೆ. ನಮ್ಮ ಫಿಲ್ಮಿಗೆ ಎರಡೂ ಕಡೆ ಎಮಲ್ಷನ್ (ಚಿತ್ರ ಮೂಡೋ ಪದರ) ಇರತ್ತೆ, ಎರಡೂ ಕಡೆ ನೋಡಿ. ಗೀರು, ನೀರಿನ ಕಲೆ, ಬೆರಳಚ್ಚು, ಮಡಿಕೆ ಇವೆಲ್ಲ ಮೇಲ್ಮೈಯಲ್ಲೇ ಹೊಳಪು ಬದಲಾಗಿ ಕಾಣತ್ತೆ. ವೆಲ್ಡ್ ಒಳಗಿನ ಕ್ರ್ಯಾಕ್ ಹೀಗೆ ಹಿಡಿದಾಗ ಮೇಲ್ಮೈಯಲ್ಲಿ ಏನೂ ತೋರ್ಸಲ್ಲ, ಅದು ಬರೀ ನೆರಳು.

ಈಗ ಅರ್ಧ ಚಂದ್ರ. ಇದಕ್ಕೆ ಕ್ರಿಂಪ್ ಮಾರ್ಕ್ ಅಂತೀವಿ, ಬೆರಳ ತುದಿ ಮೇಲೆ ಫಿಲ್ಮ್ ಚೂಪಾಗಿ ಬಾಗಿದಾಗ ಬರತ್ತೆ. ಇದರಲ್ಲಿ ಒಂದು ಗುಟ್ಟಿದೆ, ಸಾಮಾನ್ಯವಾಗಿ ಶಾಟ್‌ಗೆ ಮುಂಚೆ ಬಾಗಿದ್ರೆ ಚಂದ್ರ ಸುತ್ತಲಿಗಿಂತ ತಿಳಿಯಾಗಿ ಬರತ್ತೆ, ಶಾಟ್ ಆದ್ಮೇಲೆ ಬಾಗಿದ್ರೆ ಕಪ್ಪಾಗಿ ಬರತ್ತೆ. ನಿಮ್ಮದು ಕಪ್ಪು ಅಂತ ನೀವೇ ಬರ್ದಿದೀರ. ಶಾಟ್ ಆದ್ಮೇಲೆ ಫಿಲ್ಮ್ ತೆಗೆಯೋದು ನಾನೇ ಅಂತಾನೂ ಬರ್ದಿದೀರ. ಬೇಜಾರು ಮಾಡ್ಕೋಬೇಡಿ, ಆ ಎರಡು ಸಾವಿರದ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲತ್ತೆ ಅಂತ ನಿಮಗೇ ಗೊತ್ತಾಗಿರತ್ತೆ. ಆಗೋದು ಹೀಗೆ: ಕ್ಯಾಸೆಟ್ ಪೈಪಿಗೆ ಸುತ್ತಿ ಬಿಗಿದಿರೋದ್ರಿಂದ ಒಳಗೆ ಫಿಲ್ಮು, ಅದರ ಎರಡೂ ಕಡೆ ಇರೋ ಸೀಸದ ಸ್ಕ್ರೀನೂ ಅಂಟಿಕೊಂಡಿರತ್ತೆ, ಕತ್ತಲಲ್ಲಿ ಎರಡು ಬೆರಳಲ್ಲಿ ಮೂಲೆ ಹಿಡಿದು ಎಳೀತೀವಿ, ಬರಲ್ಲ, ಹೆಬ್ಬೆರಳು ಒತ್ತಿ ಮತ್ತೆ ಎಳೀತೀವಿ, ಅಲ್ಲೇ ಚಂದ್ರ ಹುಟ್ಟಿತು. ಎಳೀಬೇಡಿ. ಕ್ಯಾಸೆಟ್ ಬಾಯಿ ತೆಗೆದು ಸ್ಕ್ರೀನ್ ಸಮೇತ ಹೊರಗೆ ಜಾರಿಸಿ, ಮೇಲಿನ ಸ್ಕ್ರೀನ್ ಪುಸ್ತಕದ ಪುಟ ತೆಗೆದ ಹಾಗೆ ಎತ್ತಿ, ಫಿಲ್ಮನ್ನ ಎರಡೂ ಕೈಲಿ ಅಂಚು ಹಿಡಿದು ಎತ್ತಿ. ಹ್ಯಾಂಗರಿಗೆ ಹಾಕುವಾಗ್ಲೂ ಅಷ್ಟೇ, ಕೆಳಗಿನ ಕ್ಲಿಪ್ಪು ಮೊದಲು, ಆಮೇಲೆ ಮೇಲಿನದು.

ಮರದ ಕೊಂಬೆ ಸ್ಟ್ಯಾಟಿಕ್. ನಮ್ಮೂರಿನ ಹವಾಮಾನ ಗೊತ್ತಲ್ಲ, ಜನವರಿ ಕೊನೆಯಿಂದ ಮಾರ್ಚ್ ತನಕ ತುಟಿ ಒಡೆಯೋ ಅಷ್ಟು ಒಣಗಾಳಿ, ಸ್ವೆಟರ್ ತೆಗೆದ್ರೆ ಚಟಚಟ ಅನ್ನತ್ತೆ. ಬಾಕ್ಸಿಂದ ಫಿಲ್ಮನ್ನ ಸರ್ರಂತ ಎಳೆದಾಗ, ಮಧ್ಯದ ಪೇಪರ್ ಉಜ್ಜಿದಾಗ ಅದೇ ಕಿಡಿ ಹಾರತ್ತೆ, ಫಿಲ್ಮ್ ಪಾಲಿಗೆ ಅದು ಚಿಕ್ಕ ಮಿಂಚು, ಆ ಮಿಂಚಿನ ಚಿತ್ರಾನೇ ಕೊಂಬೆಕೊಂಬೆಯಾಗಿ ಬರೋದು. ಮಳೆಗಾಲದಲ್ಲಿ ತಾನಾಗೇ ನಿಂತು ಹೋಗತ್ತೆ, ಜನ "ಹೊಸ ಲಾಟ್ ಒಳ್ಳೇದು" ಅಂತಾರೆ. ಇದರಲ್ಲಿ ನಿಮ್ಮ ಹುಡುಗನ ಪಾಲಿರಬಹುದು, ಆದ್ರೆ ಬೈದ್ರೆ ಹೋಗಲ್ಲ, ನಿಧಾನ ಮಾಡಪ್ಪಾ ಅಂತ ಹೇಳ್ಕೊಡ್ಬೇಕು. ಪೇಪರ್ ಉಜ್ಜಿ ಎಳೀದೆ ಎತ್ತಿ ತೆಗೀಲಿ, ಡಾರ್ಕ್‌ರೂಮಿಗೆ ಕಾಟನ್ ಶರ್ಟ್ ಹಾಕ್ಕೊಂಡು ಬರ್ಲಿ, ಲೋಡಿಂಗ್ ಟೇಬಲ್ ಮೇಲೆ ಅರ್ಥ್ ಆಗಿರೋ ಒಂದು ಲೋಹದ ಪಟ್ಟಿ ಹಾಕ್ಸಿ, ಫಿಲ್ಮ್ ಮುಟ್ಟೋಕೆ ಮುಂಚೆ ಅದನ್ನ ಮುಟ್ಲಿ. ಈ ಎರಡು ಮೂರು ತಿಂಗಳು ನೆಲ ಒದ್ದೆ ಬಟ್ಟೇಲಿ ಒರೆಸಿ ಕೆಲಸ ಶುರು ಮಾಡಿದ್ರೂ ಬಹಳ ಕಮ್ಮಿ ಆಗತ್ತೆ.

ನಿಮ್ಮ ನಿಜವಾದ ತಲೆನೋವು ಆ ನೇರ ಗೆರೆ, ಅದಕ್ಕೆ ಬರ್ತೀನಿ. ಇಲ್ಲಿ ಅವಸರ ಮಾಡಂಗಿಲ್ಲ, ಯಾಕಂದ್ರೆ ಎಲ್‌ಪಿ ಕೂಡ ನೇರವಾಗಿ ಕಪ್ಪಾಗೇ ಇರತ್ತೆ, ರೂಟ್ (ವೆಲ್ಡ್ ಬುಡ) ಮಧ್ಯದಲ್ಲಿ ಸ್ಕೇಲ್ ಇಟ್ಟು ಎಳೆದ ಹಾಗೆ. ಫೋಟೋ ನೋಡದೆ ನಾನು ತೀರ್ಪು ಕೊಡಲ್ಲ, ಫೋಟೋ ನೋಡಿದ್ರೂ ಕೊಡಲ್ಲ, ಫಿಲ್ಮ್ ಕೈಯಲ್ಲಿರ್ಬೇಕು. ಆದ್ರೆ ಬೇರೆ ಬೇರೆ ಜಾಯಿಂಟಲ್ಲಿ ಒಂದೇ ವಾರದಲ್ಲಿ ಒಂದೇ ತರದ ಗೆರೆ ಅಂದ ಕೂಡ್ಲೇ ನನ್ನ ಮೊದಲ ಅನುಮಾನ ಲೆಡ್ ಸ್ಕ್ರೀನ್ ಮೇಲೆ. ಸ್ಕ್ರೀನ್ ಅಂದ್ರೆ ತೆಳು ಸೀಸದ ಹಾಳೆ, ರೇಡಿಯೇಷನ್ ಬಿದ್ದಾಗ ಅದರಿಂದ ಎಲೆಕ್ಟ್ರಾನ್ ಹೊರಡತ್ತೆ, ಆ ಎಲೆಕ್ಟ್ರಾನುಗಳೇ ಫಿಲ್ಮನ್ನ ಇನ್ನಷ್ಟು ಕಪ್ಪು ಮಾಡೋದು. ಅದರ ಮೇಲೆ ಆಳವಾಗಿ ಗೀರು ಬಿದ್ರೆ ಆ ಜಾಗದಲ್ಲಿ ಎಲೆಕ್ಟ್ರಾನ್ ಹೊರಡೋ ಮೈ ಜಾಸ್ತಿ ಆಗತ್ತೆ, ಫಿಲ್ಮಲ್ಲಿ ಕೂದಲೆಳೆ ತರ ಕಪ್ಪು ಗೆರೆ. ಉಲ್ಟಾನೂ ಇದೆ, ಸ್ಕ್ರೀನಿಗೂ ಫಿಲ್ಮಿಗೂ ಮಧ್ಯೆ ಕೂದಲೋ ಪೇಪರ್ ಚೂರೋ ಧೂಳೋ ಸಿಕ್ಕಿಕೊಂಡ್ರೆ ಎಲೆಕ್ಟ್ರಾನ್ ಅಡ್ಡ ಆಗಿ ಅಲ್ಲಿ ಬಿಳಿಯಾಗತ್ತೆ.

ಮೂರೂ ಫಿಲ್ಮ್ ಒಂದರ ಮೇಲೊಂದು ಇಡಿ, ಅಂಚಿಗೆ ಅಂಚು ಕೂಡಿಸಿ. ಜಾಯಿಂಟ್ ಬೇರೆ ಆದ್ರೂ ಗೆರೆ ಮಾತ್ರ ಫಿಲ್ಮ್ ಅಂಚಿಂದ ಅಷ್ಟೇ ದೂರದಲ್ಲಿ ಕೂತ್ರೆ (ಮಗುಚಿ ತಿರುಗಿಸಿನೂ ನೋಡಿ, ಕತ್ತಲಲ್ಲಿ ಕ್ಯಾಸೆಟ್ ಯಾವ ಕಡೆ ಹಿಡಿದ್ರೋ ಯಾರಿಗ್ಗೊತ್ತು), ಸ್ಕ್ರೀನೇ ಅಂತ ಮುಕ್ಕಾಲು ಪಾಲು ಖಾತ್ರಿ. ಇನ್ನೊಂದು ಸುಳಿವು, ಎಲ್‌ಪಿ ವೆಲ್ಡನ್ನ ಬಿಟ್ಟು ಹೊರಗೆ ಹೋಗಲ್ಲ. ಗೆರೆ ವೆಲ್ಡ್ ದಾಟಿ ಪೇರೆಂಟ್ ಮೆಟಲ್ (ವೆಲ್ಡ್ ಪಕ್ಕದ ಪೈಪಿನ ಲೋಹ) ಮೇಲೂ ಹಂಗೇ ಮುಂದುವರಿದ್ರೆ ವೆಲ್ಡರ್ ಪಾಪ ಸತ್ಯಾನೇ ಹೇಳ್ತಿದಾನೆ.

ಉಳಿದ ಕಾಲು ಪಾಲಿಗೆ ಬ್ಲಾಂಕ್ ಶಾಟ್ ಮಾಡಿ. ನಿಮ್ಮ ಹತ್ರ ಹನ್ನೆರಡು ಕ್ಯಾಸೆಟ್ ಇದೆ ಅಂದ್ಕೊಳ್ಳಿ, ಎಲ್ಲಾದಕ್ಕೂ 1ರಿಂದ 12ರ ತನಕ ಲೆಡ್ ನಂಬರ್ ಅಂಟಿಸಿ, ಬೇ (ಶಾಟ್ ತೆಗೆಯೋ ಜಾಗ) ಒಳಗೆ ಸೋರ್ಸ್ ಸುತ್ತ ಒಂದೇ ದೂರದಲ್ಲಿ ವೃತ್ತಾಕಾರವಾಗಿ ನಿಲ್ಸಿ, ಜಾಬ್ ಇಲ್ಲದೆ, ಡೆನ್ಸಿಟಿ 2ರಿಂದ 2.5 ಬರೋ ಲೆಕ್ಕದಲ್ಲಿ ಒಂದೇ ಶಾಟ್. ಬಂದ ಫಿಲ್ಮಲ್ಲಿ ಪೈಪ್ ಇಲ್ಲ, ವೆಲ್ಡ್ ಇಲ್ಲ, ಹಾಗಾಗಿ ಏನು ಗೆರೆ ಬಂದ್ರೂ ಅದು ನಿಮ್ಮದೇ ಮನೆಯದು. ಇದನ್ನ ಫೈಲಲ್ಲಿಡಿ. ಮುಂದೆ 7ನೇ ಕ್ಯಾಸೆಟಲ್ಲಿ ಒಂದು ಗೆರೆ ಬಂದು ಇನ್‌ಸ್ಪೆಕ್ಟರ್ ಕೇಳಿದ್ರೆ 7ರ ಬ್ಲಾಂಕ್ ಪಕ್ಕದಲ್ಲಿಟ್ಟು ತೋರ್ಸಬಹುದು. ಸ್ಕ್ರೀನ್ ಜೋಡಿನ ಒಂದು ಕ್ಯಾಸೆಟಿಂದ ಇನ್ನೊಂದಕ್ಕೆ ಬದಲಾಯಿಸ್ಬೇಡಿ ಮತ್ತೆ, ಬದಲಾಯಿಸಿದ್ರೆ ಈ ಫೈಲಿಗೆ ಬೆಲೆನೇ ಇರಲ್ಲ. ಆಳವಾದ ಗೀರಿರೋ ಸ್ಕ್ರೀನ್ ಎಸೀಲೇಬೇಕು, ಬರೀ ಕೊಳೆ ಆಗಿದ್ರೆ ಮೆತ್ತಗಿನ ಬಟ್ಟೇಲಿ ಒರೆಸಿ, ಹೋಗಲಿಲ್ಲ ಅಂದ್ರೆ ತೀರಾ ನಯವಾದ ಸ್ಟೀಲ್ ವೂಲಲ್ಲಿ ಹಗುರವಾಗಿ ಉಜ್ಜಬಹುದು, ಅಷ್ಟು ಸಣ್ಣ ಗೀರು ಫಿಲ್ಮಲ್ಲಿ ಬರಲ್ಲ. ಪಾತ್ರೆ ಉಜ್ಜೋ ಸ್ಕ್ರಬ್ಬರ್ ಮಾತ್ರ ಬೇಡ.

ಬಿಳಿ ಚುಕ್ಕೆ ಬಗ್ಗೆ ಒಂದು ಹಳೇ ಕಥೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಆಯುಧಪೂಜೆ ಆದ ಮಾರನೇ ವಾರ ಟಿಗ್ (ಟಂಗ್‌ಸ್ಟನ್ ಎಲೆಕ್ಟ್ರೋಡಲ್ಲಿ ಮಾಡೋ ವೆಲ್ಡಿಂಗ್) ಜಾಯಿಂಟುಗಳಲ್ಲೆಲ್ಲ ಚೂಪಾದ ಬಿಳಿ ಚುಕ್ಕೆಗಳು. ಟಿಗ್ ವೆಲ್ಡಲ್ಲಿ ಬಿಳಿ ಚುಕ್ಕೆ ಅಂದ್ರೆ ಮೊದಲು ನೆನಪಾಗೋದು ಟಂಗ್‌ಸ್ಟನ್, ಎಲೆಕ್ಟ್ರೋಡ್ ತುದಿ ಮುರಿದು ಒಳಗೆ ಬಿದ್ದಿದೆ ಅಂತ ಆ ವೆಲ್ಡರನ್ನ ಎರಡು ದಿನ ಹಿಡಿದು ಅರೆದ್ವಿ. ಮೂರನೇ ದಿನ ಯಾರೋ ಒಬ್ರು ಕ್ಯಾಸೆಟ್ ಬಿಚ್ಚಿ ಬೆಳಕಲ್ಲಿ ನೋಡಿದ್ರೆ ಸ್ಕ್ರೀನ್ ಮೇಲೆ ಕುಂಕುಮ. ಪೂಜೆ ದಿನ ಎಲ್ಲಾ ಸಾಮಾನಿನ ಜೊತೆ ಕ್ಯಾಸೆಟ್ ರಾಶಿಗೂ ಅರಿಶಿನ ಕುಂಕುಮ ಹಾಕಿದ್ವಿ, ಬಾಯಿ ತೆಗೆದಾಗ ಒಳಗೆ ಉದುರಿದೆ. ಆಮೇಲಿಂದ ನಮ್ಮಲ್ಲಿ ಪೂಜೆ ಕ್ಯಾಮೆರಾಗೆ (ಸೋರ್ಸ್ ಇಡೋ ಪೆಟ್ಟಿಗೆ) ಮಾತ್ರ, ಕ್ಯಾಸೆಟ್‌ಗಳು ಬೀರು ಒಳಗೆ. ನಿಮ್ಮ ಚುಕ್ಕೆ ವೆಲ್ಡ್ ಒಳಗೆ ಮಾತ್ರ ಇದೆಯಾ ಪೇರೆಂಟ್ ಮೆಟಲಲ್ಲೂ ಚೆಲ್ಲಾಡಿದೆಯಾ ನೋಡಿ. ಆಚೆನೂ ಇದ್ರೆ ಧೂಳು, ಇಲ್ಲಾ ಗಾಳಿಗುಳ್ಳೆ, ಇಲ್ಲಾ ಫಿಕ್ಸರ್ (ಡೆವಲಪ್ ಆದ ಚಿತ್ರ ಉಳಿಸೋ ಕೆಮಿಕಲ್) ಹನಿ. ಗಾಳಿಗುಳ್ಳೆದು ದುಂಡಗೆ ಇರತ್ತೆ, ಫಿಲ್ಮ್ ಡೆವಲಪರಲ್ಲಿ ಇಳಿಸಿದ ಕೂಡ್ಲೇ ಹ್ಯಾಂಗರನ್ನ ಟ್ಯಾಂಕ್ ಅಂಚಿಗೆ ಎರಡು ಸಲ ಟಪ್ ಟಪ್ ಅಂತ ತಟ್ಟಿದ್ರೆ ಹೋಗತ್ತೆ. ಫಿಕ್ಸರ್ ಹನಿ ಅಂದ್ರೆ ಒದ್ದೆ ಕೈಯಲ್ಲೇ ಮುಂದಿನ ಫಿಲ್ಮ್ ಮುಟ್ಟಿದೀರ ಅಂತ. ಒಂದು ಒಣಗಿದ ಟವೆಲ್, ಕೆಮಿಕಲ್ ಟ್ಯಾಂಕಿಂದ ದೂರ ಒಂದು ಒಣ ಟೇಬಲ್, ಇಷ್ಟೇ ಬೇಕಾಗಿರೋದು.

ಇನ್ನು ನೀವು ಕೇಳದೇ ಇರೋದು ಒಂದು, ನೀರು. ಮುಂದಿನ ತಿಂಗಳು ಬಿಸಿಲು ಏರತ್ತೆ, ಮೇಲಿನ ಟ್ಯಾಂಕ್ ನೀರು ಮಧ್ಯಾಹ್ನ ಕೈಗೆ ಬೆಚ್ಚಗೆ ತಾಗತ್ತೆ. ಕೈಯಲ್ಲಿ ತೊಳೆಯೋವಾಗ ಡೆವಲಪರ್ 20 ಡಿಗ್ರಿಯಲ್ಲಿ 5 ನಿಮಿಷ ಅನ್ನೋದು ಸಾಮಾನ್ಯ ಲೆಕ್ಕ, 24ಕ್ಕೆ ಏರಿದ್ರೆ ಹತ್ರಹತ್ರ ಮೂರೂವರೆ ನಿಮಿಷಕ್ಕೆ ಇಳಿಯತ್ತೆ, ನಿಮ್ಮ ಫಿಲ್ಮ್ ಕಂಪನಿ ಚಾರ್ಟ್ ಗೋಡೆಗೆ ಅಂಟಿಸಿ. ಅದಕ್ಕಿಂತ ಮೇಲೆ ಹೋದ್ರೆ ಎಮಲ್ಷನ್ ಮೆತ್ತಗಾಗಿ ಮುಟ್ಟಿದ ಕಡೆ ಗೀರು ಬೀಳತ್ತೆ. ಒಂದು ಟ್ಯಾಂಕ್ ತಣ್ಣಗೆ ಇನ್ನೊಂದು ಬಿಸಿ ಇದ್ರಂತೂ ಎಮಲ್ಷನ್ ಸುಕ್ಕುಗಟ್ಟಿ ಒಣಗಿದ ಕೆರೆ ತಳದ ಹಾಗೆ ಬಿರುಕು ಬಿರುಕಾಗಿ ಬರತ್ತೆ, ಅದನ್ನ ಯಾರೂ ವಾಪಸ್ ತರೋಕಾಗಲ್ಲ. ಐಸ್ ಹಾಕಿ, ಆದ್ರೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಇಳಿಸಿ, ನೇರ ಹಾಕಿದ್ರೆ ಡೆವಲಪರ್ ನೀರಾಗತ್ತೆ.

ಬೋರ್‌ವೆಲ್ ನೀರು ಗಡಸು, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂರತ್ತಲ್ಲ, ಅದೇ ಫಿಲ್ಮ್ ಮೇಲೆ ಹನಿ ಒಣಗಿದ ಕಲೆಯಾಗಿ ಉಳಿಯತ್ತೆ. ಕೊನೆ ಅದ್ದು ಮಾತ್ರ ಆರ್‌ಒ ನೀರಲ್ಲಿ ವೆಟಿಂಗ್ ಏಜೆಂಟ್ (ನೀರು ಹನಿಯಾಗಿ ನಿಲ್ಲದ ಹಾಗೆ ಮಾಡೋ ದ್ರವ) ಹಾಕಿ ಮಾಡಿ, ಒಂದು ಬಕೆಟ್ ಸಾಕು. 2024ರ ಬೇಸಿಗೆಲಿ ನೀರಿಲ್ಲದೆ ಊರೆಲ್ಲಾ ಟ್ಯಾಂಕರ್ ಹಿಂದೆ ಓಡಿದ್ವಲ್ಲ, ಆಗ 20-30 ನಿಮಿಷ ಹರಿಯೋ ನೀರಲ್ಲಿ ತೊಳೀಬೇಕಾದ ಫಿಲ್ಮನ್ನ ನಿಂತ ನೀರಲ್ಲಿ ನಾಲ್ಕು ಸಲ ಮುಳುಗಿಸಿ ಎತ್ತಿದವರಿದ್ರು. ಅಂಥ ಫಿಲ್ಮ್ ಅವತ್ತು ಚೆನ್ನಾಗೇ ಕಾಣತ್ತೆ. ಫಿಕ್ಸರ್ ಒಳಗೆ ಉಳಿದಿರತ್ತಲ್ಲ, ದಿನ ಕಳೆದ ಹಾಗೆ ಹಳದಿ ಕಂದು ಆಗ್ತಾ ಬರತ್ತೆ, ಕ್ಲೈಂಟ್ ಯಾವತ್ತೋ ಫೈಲ್ ತೆಗೆದಾಗ ಫೋನ್ ಬರತ್ತೆ.

ಸಣ್ಣಪುಟ್ಟವು ಬೇಗ ಹೇಳ್ಬಿಡ್ತೀನಿ. ಡಾರ್ಕ್‌ರೂಮಲ್ಲಿ ಎಸಿ, ಯುಪಿಎಸ್ ಮೇಲಿನ ಚಿಕ್ಕ ಲೈಟಿಗೆ ಕಪ್ಪು ಟೇಪ್ ಹಾಕಿ, ಮೊಬೈಲ್ ಹೊರಗೆ, ಕರೆಂಟ್ ಹೋದ್ರೂ ಟಾರ್ಚ್ ಹಾಕಂಗಿಲ್ಲ. ಸೇಫ್‌ಲೈಟ್ (ಡಾರ್ಕ್‌ರೂಮಿನ ಮಂದ ದೀಪ) ಪರೀಕ್ಷೆಗೆ ಸ್ವಲ್ಪ ಎಕ್ಸ್‌ಪೋಸ್ ಆದ ಫಿಲ್ಮ್ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ನಿಮಗೆ ಕೆಲಸಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟು ಡೆವಲಪ್ ಮಾಡಿ, ನಾಣ್ಯದ ಆಕಾರ ಬಂದ್ರೆ ಲೈಟ್ ಸರಿಯಿಲ್ಲ. ಎಕ್ಸ್‌ಪೋಸ್ ಆದ ಫಿಲ್ಮ್ ಹೊಸದಕ್ಕಿಂತ ಸೂಕ್ಷ್ಮ, ಅದಕ್ಕೇ ಹಾಗೆ. ಕ್ಯಾಸೆಟ್ ಹಿಂದೆ ಅಂಟಿಸೋ ಸೀಸದ ಬಿ ಅಕ್ಷರ ಸುತ್ತಲಿಗಿಂತ ಬಿಳಿಯಾಗಿ ಕಂಡ್ರೆ ಬ್ಯಾಕ್‌ಸ್ಕ್ಯಾಟರ್ (ಹಿಂದಿನಿಂದ ಚದುರಿ ಬಂದ ವಿಕಿರಣ), ಆ ಫಿಲ್ಮ್ ಹೋಯ್ತು, ಕಪ್ಪಾಗಿ ಕಂಡ್ರೆ ಪರವಾಗಿಲ್ಲ. ಇರಿಡಿಯಂ 74 ದಿನಕ್ಕೆ ಅರ್ಧ ಆಗೋ ಸಾಮಾನು, ಸೋರ್ಸ್ ಹಳೇದಾದಾಗ ಟೈಮ್ ಸಾಲದೆ ಡೆನ್ಸಿಟಿ ಬರಲಿಲ್ಲ ಅಂತ ಡೆವಲಪರಲ್ಲಿ ಹತ್ತು ನಿಮಿಷ ಇಟ್ಟು ಕಪ್ಪು ಮಾಡ್ತಾರಲ್ಲ, ಅದರಿಂದ ಬರೋದು ಫಾಗ್, ವೆಲ್ಡ್ ವಿವರ ಅಲ್ಲ. ಸ್ಟೇನ್‌ಲೆಸಲ್ಲಿ ಮೋಡಮೋಡವಾಗಿ ಪೊರಾಸಿಟಿ (ವೆಲ್ಡ್ ಒಳಗಿನ ಗಾಳಿ ತೂತು) ತರ ಏನಾದ್ರೂ ಕಂಡ್ರೆ ಅದು ಡಾರ್ಕ್‌ರೂಮ್‌ದು ಅಲ್ಲದೇ ಇರಬಹುದು, ಲೋಹದ ಕಾಳುಗಳು (ಗ್ರೇನ್) ದೊಡ್ಡದಿದ್ದಾಗ ಎಕ್ಸ್‌ರೇ ಚದುರಿ ಹಾಗೆ ಕಾಣತ್ತೆ, ಜಾಬನ್ನ ಒಂದೈದು ಡಿಗ್ರಿ ತಿರುಗಿಸಿ ಮತ್ತೆ ತೆಗೀರಿ, ಆಕಾರ ಬದಲಾದ್ರೆ ದೋಷ ಅಲ್ಲ.

ಈಗ "ಫಿಲ್ಮ್ ಮಾರ್ಕ್ ಅಂತ ಬರೆದು ಕಳ್ಸು" ಅನ್ನೋದು. ನಿಮ್ಮ ಸೀನಿಯರ್ ಹೇಳಿದ್ದು ಪೂರ್ತಿ ತಪ್ಪಲ್ಲ, ಅರ್ಧ ಮಾತ್ರ ಹೇಳಿದಾರೆ. ನಾವು ಪಾಲಿಸೋ ಅಮೆರಿಕದ ಕೋಡ್ ಎಎಸ್ಎಂಇ ಸೆಕ್ಷನ್ 5 ಆರ್ಟಿಕಲ್ 2ರಲ್ಲಿ ಫಿಲ್ಮ್ ಮೇಲೆ ಒಂದೂ ಕಲೆ ಇರ್ಬಾರ್ದು ಅಂತಿಲ್ಲ, ನೋಡ್ಬೇಕಾದ ಜಾಗದಲ್ಲಿ ದೋಷವನ್ನ ಮುಚ್ಚಬಾರ್ದು, ದೋಷ ಅಂತ ಗೊಂದಲ ಮಾಡ್ಬಾರ್ದು ಅಂತಿದೆ. ಅಂದ್ರೆ ವೆಲ್ಡಿಂದ ದೂರ ಒಂದು ಬೆರಳಚ್ಚು ಇದ್ರೆ ಬರೆದು ಕಳ್ಸಿ, ಯಾರೂ ಏನೂ ಅನ್ನಲ್ಲ. ವೆಲ್ಡ್ ಮೇಲೇ ಗೆರೆ ಇದ್ದು, ಓರೆ ಬೆಳಕಲ್ಲೂ ಏನೂ ಕಾಣದೆ, ಬರೀ ಅನುಭವದ ಮೇಲೆ ಫಿಲ್ಮ್ ಮಾರ್ಕ್ ಅಂತ ಸಹಿ ಹಾಕೋದು ಬೇರೆ ವಿಷಯ. ಅದು ಕ್ರ್ಯಾಕ್ ಆಗಿದ್ರೆ ಆ ಪೈಪಲ್ಲಿ ಪ್ರೆಷರ್ ಇರತ್ತೆ, ಪಕ್ಕದಲ್ಲಿ ಯಾರೋ ಕೆಲಸ ಮಾಡ್ತಿರ್ತಾರೆ.

ಖಾತ್ರಿ ಇಲ್ಲದಿದ್ರೆ ರೀಶೂಟ್. ಖರ್ಚಿದೆ, ನಿಮ್ಮ ಟಿಎಲ್‌ಡಿ (ಮೈಗೆ ಬಿದ್ದ ವಿಕಿರಣ ಅಳೆಯೋ) ಬ್ಯಾಡ್ಜಲ್ಲಿ ಇನ್ನೊಂದು ಶಾಟಿನ ಡೋಸ್ ಸೇರತ್ತೆ, ಅದಕ್ಕೇ ಮೊದಲೇ ತಡೆಯೋದು ಅಗ್ಗ. ಮುಖ್ಯ ಜಾಯಿಂಟುಗಳಿಗೆ ನಾನು ಒಂದೇ ಕ್ಯಾಸೆಟಲ್ಲಿ ಎರಡು ಫಿಲ್ಮ್ ಹಾಕಿಸ್ತೀನಿ, ಜಾಬಿನ ದೋಷ ಎರಡರಲ್ಲೂ ಅದೇ ಜಾಗದಲ್ಲಿ ಬರತ್ತೆ, ಗೀರು ಕಲೆ ಸ್ಟ್ಯಾಟಿಕ್ ಒಂದರಲ್ಲೇ ಬರೋದು. ಫಿಲ್ಮ್ ಖರ್ಚು ಡಬಲ್ ಅಂತ ಓನರ್ ಮುಖ ಸಿಂಡರಿಸ್ತಾರೆ, ದೂರದ ಸೈಟಿಗೆ ರೀಶೂಟಿಗೆ ಗಾಡಿ ಕಳ್ಸೋ ಖರ್ಚು ಪಕ್ಕದಲ್ಲಿ ಬರೆದು ತೋರ್ಸಿ. ನೀರಿನ ಕಲೆ ಮಾತ್ರ ಆದ್ರೆ ರೀಶೂಟ್ ಬೇಡ, ಮತ್ತೆ ನೆನೆಸಿ ತೊಳೆದು ಒಣಗಿಸಿದ್ರೆ ಬಹಳ ಸಲ ಹೋಗತ್ತೆ. ಬ್ಲೇಡಲ್ಲಿ ಕೆರೆಯೋದು, ಚುಕ್ಕೆ ಮೇಲೆ ಪೆನ್ಸಿಲ್ ತಿದ್ದೋದು, ಚೆನ್ನಾಗಿರೋ ಜಾಯಿಂಟನ್ನೇ ನಂಬರ್ ಬದಲಾಯಿಸಿ ತೆಗೆಯೋದು, ಇವು ಪೀಣ್ಯದಲ್ಲಿ ನಡೆಯಲ್ಲ ಅಂತ ನಾನೂ ಹೇಳಲ್ಲ ನೀವೂ ಹೇಳಲ್ಲ, ಆ ದಾರಿಗೆ ಹೋಗ್ಬೇಡಿ ಅಷ್ಟೇ. ಡಿಜಿಟಲ್ಲಿಗೆ ಹೋದ್ರೆ ಈ ಕಾಟ ಇಲ್ಲ ಅನ್ನೋರಿಗೂ ಒಂದು ಮಾತು, ಫಿಲ್ಮ್ ಬದಲು ಬಳಸೋ ಸಿಆರ್ (ಕಂಪ್ಯೂಟೆಡ್ ರೇಡಿಯೋಗ್ರಫಿ) ಪ್ಲೇಟಿಗೂ ಗೀರು ಬೀಳತ್ತೆ, ಧೂಳು ಕೂರತ್ತೆ, ಕೆಮಿಕಲ್ ತಾಪತ್ರಯ ಮಾತ್ರ ಕಮ್ಮಿ.

ಸದ್ಯಕ್ಕೆ ನೀವು ಮಾಡ್ಬೇಕಾಗಿರೋದು: ಆ ಮೂರು ಜಾಯಿಂಟನ್ನ ರಿಪೇರಿಗೆ ಗ್ರೈಂಡ್ ಮಾಡೋಕೆ ಬಿಡ್ಬೇಡಿ, ಇನ್‌ಸ್ಪೆಕ್ಟರ್ ಹತ್ರ ಎರಡು ದಿನ ಟೈಮ್ ಕೇಳಿ. ಬ್ಲಾಂಕ್ ಶಾಟ್ ತೆಗೀರಿ, ಚೊಕ್ಕವಾಗಿ ಬಂದ ಕ್ಯಾಸೆಟಲ್ಲೇ ಎರಡೆರಡು ಫಿಲ್ಮ್ ಹಾಕಿ ಮೂರನ್ನೂ ಮತ್ತೆ ಶೂಟ್ ಮಾಡಿ, ಹಳೇದು ಹೊಸದು ಬ್ಲಾಂಕು ಎಲ್ಲಾ ಒಟ್ಟಿಗೆ ಅವರ ಮುಂದಿಡಿ. ಗೆರೆ ಮತ್ತೆ ಅದೇ ಜಾಗದಲ್ಲಿ ಬಂದ್ರೆ ಎಲ್‌ಪಿ ಒಪ್ಕೊಂಡು ವೆಲ್ಡರಿಗೆ ತೋರ್ಸಿ, ಬರಲಿಲ್ಲ ಅಂದ್ರೆ ಅವನ ಹತ್ರ ಒಂದು ಟೀ ಕುಡೀರಿ. ಆ ಹುಡುಗನ ಎರಡು ಸಾವಿರ ಇದ್ಯಲ್ಲ, ಕಪ್ಪು ಚಂದ್ರ ಇರೋ ಫಿಲ್ಮ್ ಒಂದನ್ನ ತಗೊಂಡು ಹೋಗಿ ಇದು ನನ್ನ ಕೈಯದು ಅಂತ ಓನರಿಗೆ ನೀವೇ ಹೇಳಿ.